ಅವರು ನೆಟ್ಟ ಕೊನೆಯ ಬೇವು

ಪುಣೆಯ ಕೊಂಢವಾ ದಾಟಿ ಗುಡ್ಡದ ಬುಡದಲ್ಲಿ ನಾವು ಮನೆ ಕಟ್ಟಿದಾಗ ಸುತ್ತ ಇದ್ದದ್ದು ಕುರುಚಲು ಗಿಡ, ಮೊಣಕಾಲೆತ್ತರದ ಹುಲ್ಲು, ಅಷ್ಟೇ. ನಮ್ಮ ಯಜಮಾನರು ಮೊದಲ ದಿನವೇ ಸೊಂಟದ ಮೇಲೆ ಕೈಯಿಟ್ಟು, "ಏನ್ ಬೋಳ್ ಗುಡ್ಡ ಅದ ಇದು! ಒಂದ್ ನೆರಳಿಲ್ಲ" ಎಂದರು. ಧಾರವಾಡದವರಲ್ಲವೇ, ಗಿಡಮರ ಇಲ್ಲದ ಊರು ಅವರ ಕಣ್ಣಿಗೆ ಊರೇ ಅಲ್ಲ.

ಬೆಳಿಗ್ಗೆ ಗುಡ್ಡ ಹತ್ತುವ ಪುಣೆಯವರಲ್ಲಿ ಒಂದು ಪದ್ಧತಿ ಇದೆ. ಬರಿಗೈಯಲ್ಲಿ ಹೋಗುವುದಿಲ್ಲ, ಕ್ಯಾನಿನಲ್ಲಿ ನೀರು ಹೊತ್ತು ಹೋಗಿ, ತಾವು ನೆಟ್ಟ ಸಸಿಗೆ ಹಾಕಿ ಬರುತ್ತಾರೆ. ಇವರೂ ಹತ್ತು ವರ್ಷ ಹೊತ್ತರು. ಮಂಡಿ ನೋವು, ಸಕ್ಕರೆ ಕಾಯಿಲೆ, ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೈದು ಬೈದು ನನ್ನ ಬಾಯಿ ನೋಯಿತೇ ಹೊರತು ಹೆಗಲಿನಿಂದ ಕ್ಯಾನು ಇಳಿಯಲಿಲ್ಲ. ಹೋದ ಮಳೆಗಾಲದಲ್ಲಿ ಒಂದು ಬೇವು ನೆಟ್ಟರು. ದೀಪಾವಳಿಗೆ ಅವರೇ ಇರಲಿಲ್ಲ. ಈಗ ಆ ಬೇವಿಗೆ ನಾನು ನೀರು ಹೊರುತ್ತೇನೆ.

ಹೋಳಿಯ ಹಿಂದಿನ ವಾರ ಮೇಲೆ ಹೋದರೆ ಕುರಿಯೊಂದು ಮುಳ್ಳುಬೇಲಿಯ ಸಂದಿಯಲ್ಲಿ ಮೂತಿ ತೂರಿಸಿ ಬೇವಿನ ಚಿಗುರು ತಿನ್ನುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಕುರಿ ಕಾಯುವ ಹೆಂಗಸಿಗೆ ಮರಾಠಿಯಲ್ಲಿ ಬಾಯಿಗೆ ಬಂದಂತೆ ಬೈದೆ. ಸಿಟ್ಟಿನಲ್ಲಿ ಮರಾಠಿ ಸಾಲದೆ ಕನ್ನಡ ಹೊರಬಿತ್ತು. ಆಕೆ ನಕ್ಕಳು. ಗಡಿಯ ಜತ್ತದ ಕಡೆಯವಳು, ಮನೆಮಾತೇ ಕನ್ನಡವಂತೆ.

"ಬೈರಿ ಅಕ್ಕಾರ, ತಪ್ಪ ನಂದ ಐತಿ. ಆದ್ರ ಹುಲ್ಲಿನ ನೆಲದಾಗ ಗಿಡಾ ಯಾಕ್ ಹಚ್ಚತೀರಿ?"

"ಬೋಳ್ ಗುಡ್ಡಕ್ಕ ಗಿಡಾ ಹಚ್ಚಿದ್ರ ತಪ್ಪೇನವಾ?"

"ಬೋಳ್ ಎಲ್ಲೈತ್ರಿ? ಇಲ್ಲಿ ಬರ್ರಿ."

ನಾಲ್ಕು ಹೆಜ್ಜೆ ಆಚೆ, ಒಣಹುಲ್ಲಿನ ಬುಡದಲ್ಲಿ, ನೆಲದ ಮೇಲೆಯೇ ಒಂದು ಪುಟ್ಟ ಗೂಡು. ಅದರಲ್ಲಿ ಮೂರು ಚುಕ್ಕಿ ಮೊಟ್ಟೆ.

"ನೆಲಗುಬ್ಬಿದ್ರಿ. ಗಿಡಾ ದೊಡ್ಡದಾತಂದ್ರ ಮ್ಯಾಲ ಕಾಗಿ ಕೂಡ್ತಾವ, ಮೊಟ್ಟಿ ನೋಡ್ತಾವ, ಮುಗೀತು. ಕೆಳಗಿನ ಮಗ್ಗಲ ಗಿಡಾ ಎದ್ದಾವಲ್ಲ, ಅಲ್ಲಿ ಈಗ ಇವೂ ಇಲ್ಲ, ನಮ್ಮ ಕುರಿಗಿ ಹುಲ್ಲೂ ಇಲ್ಲ."

ಅಯ್ಯೋ ದೇವರೇ, ಕೆಳಗಿನ ಆ ಗಿಡಗಳೆಲ್ಲ ನಮ್ಮ ಯಜಮಾನರು ನೆಟ್ಟವೇ! ವಾಕಿಂಗಿಗೆ ಬಂದವರು ಅದೇ ನೆರಳಿನಲ್ಲಿ ಕೂತು ಇವರನ್ನು ಪುಣ್ಯಾತ್ಮ ಅನ್ನುತ್ತಾರೆ. ಹತ್ತು ವರ್ಷ ತುಳಿದ ಗುಡ್ಡ, ನೆಲದ ಗೂಡಿನ ಮಾತು ಒಂದು ದಿನವೂ ಎತ್ತಿರಲಿಲ್ಲ. ಕಂಡಿರಲಿಲ್ಲವೋ, ಕಂಡೂ ಗಿಡ ನೆಟ್ಟರೋ? ಮನೆಗೆ ಬಂದು ಅಡುಗೆಗೆ ಎರಡೆರಡು ಸಲ ಉಪ್ಪು ಹಾಕಿದೆ.

ಮರುದಿನ ಬೇವಿನ ಮುಂದೆ ನಿಂತರೆ ನೀರು ಹಾಕಲು ಕೈ ಏಳಲಿಲ್ಲ, ಹಿಂತಿರುಗಲು ಕಾಲೂ ಏಳಲಿಲ್ಲ. ಮೂರನೆಯ ದಿನ ಬೇಲಿಯನ್ನು ನಾನೇ ಕಿತ್ತು ಬಿಸಾಕಿದೆ. ತಿಂದರೆ ತಿನ್ನಲಿ, ಈ ತಲೆನೋವಾದರೂ ಹೋಗಲಿ! ಕುರಿ ಬಂದು ಎಲೆಗೆ ಬಾಯಿ ಹಾಕಿತೋ ಇಲ್ಲವೋ, "ಹೋಗ್, ಹೋಗ್!" ಎಂದು ಓಡಿಸಿ ಸಸಿಗೆ ಅಡ್ಡ ನಿಂತೆ. ಅಂಗೈ ತುಂಬ ಮುಳ್ಳು ಗೀರಿ ರಕ್ತ.

"ಏನ್ರಿ ಅಕ್ಕಾರ, ಬೇಲಿ ತಗದಾವರೂ ನೀವ, ಓಡ್ಸಾವರೂ ನೀವ. ಮೇಯ್ಲ್ಯೋ ಬ್ಯಾಡೋ?"

"ನನಗ ತಿಳೀವಲ್ದವಾ," ಎಂದೆ. ಅಂಗೈಯ ರಕ್ತ ಸೆರಗಿಗೆ ಒರೆಸಿಕೊಂಡೆ. "ಅವರನ್ನ ಕೇಳೋಣಂದ್ರ ಅವರ ಇಲ್ಲ."