ಗುಹೆಯ ನೀರಿನಲ್ಲಿ ಲಿಲ್ಲಿಯಕ್ಕ

ಮೆಕ್ಸಿಕೊದ ಈ ಗುಹೆಯೊಳಗಿನ ನೀರು ಕಡುನೀಲಿ. ಮೇಲಿನ ಕಾಡುಮರಗಳ ಬೇರುಗಳು ಬಂಡೆ ಸೀಳಿಕೊಂಡು ನೀರಿನವರೆಗೂ ಇಳಿಬಿದ್ದಿವೆ. ನನ್ನ ಜೊತೆ ಬಂದಿರುವ ಉಡುಪಿಯ ಲಿಲ್ಲಿಯಕ್ಕ ಅಬುಧಾಬಿಯಲ್ಲಿ ನರ್ಸ್. ಐವತ್ತು ದಾಟಿದ ಮೇಲೆ ಅಲ್ಲಿನ ಅಲ್ ರೀಮ್ ದ್ವೀಪದ ನಮ್ಮ ಕಟ್ಟಡದ ಈಜುಕೊಳದಲ್ಲಿ, ಮಕ್ಕಳ ನಡುವೆ ಈಜು ಕಲಿತವರು. ಕಾಲಿಗೆ ನೆಲ ಸಿಗದ ನೀರಿಗೆ ಈವರೆಗೆ ಇಳಿದವರಲ್ಲ.

"ಅಕ್ಕ, ಈ ಹಗ್ಗ ಹಿಡ್ಕೊಂಡು ಹೋಗುವ," ಎಂದು ನೀರಿಗೆ ಅಡ್ಡಲಾಗಿ ಆಚೆಯ ಬಂಡೆಯವರೆಗೆ ಕಟ್ಟಿದ್ದ ಹಗ್ಗ ತೋರಿಸಿದೆ.

"ಯಲ್ಲಾ, ನೀನು ಹಿಡ್ಕೊಂಡು ಬಾ ಮಾರಾಯ್ತಿ," ಎಂದು ಅರಬ್ಬರ ಧಾಟಿಯಲ್ಲಿ ಅವಸರಿಸಿದವರೇ ಹಗ್ಗ ಮುಟ್ಟದೆ ಹೊರಟುಬಿಟ್ಟರು. ನಡುನೀರಿನಲ್ಲಿ ಒಮ್ಮೆ ತಡವರಿಸಿದರು. ಮರುಕ್ಷಣವೇ ಕೈ ಬೀಸಿ, ಆಚೆಯ ಬಂಡೆ ಮುಟ್ಟಿ ಕೇಕೆ ಹಾಕಿದರು. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಹಿಂದಿನ ಮಾಯಾ ಜನರ ಹಾಳು ದೇಗುಲ ನೋಡಲು ಹೊತ್ತಾಯಿತೆಂದು ಗೈಡ್ ಕರೆದ.

"ಅದು ಸಾವಿರ ವರ್ಷದಿಂದ ಅಲ್ಲೇ ಉಂಟಲ್ಲ? ಇನ್ನು ಸ್ವಲ್ಪ ಕಾಯ್ಲಿ," ಎಂದು ಲಿಲ್ಲಿಯಕ್ಕ ಮತ್ತೆ ನೀರಿಗೆ ಹಾರಿದರು.