ಗುಂಡಿ ಕತ್ತರಿಸಿದ ಕಾಜಮ್ಮ

ಕಾಜಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹೊಲಿಗೆ ಅಂಗಡಿಯವನು ಮನೆಗೆ ಕಳಿಸುತ್ತಿದ್ದ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹೊಲಿದು, ಗುಂಡಿ ಹಚ್ಚುವುದೇ ಅವಳ ಕಸುಬಾಗಿತ್ತು, ಹೆಸರು ಅಂಟಿಕೊಂಡಿತು. ಅವಳಿದ್ದ ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ಇನ್ನೂ ಮೂವರು ಹೆಂಗಸರು ಜೊತೆಗೆ ಕೂರುತ್ತಿದ್ದರು. ಕೈಯಲ್ಲಿ ಸೂಜಿ ಓಡುತ್ತಿದ್ದರೆ ಬಾಯಲ್ಲಿ ನಾಲಿಗೆ ಅದಕ್ಕಿಂತ ಜೋರಾಗಿ ಓಡುತ್ತಿತ್ತು. ಯಾರ ಸೊಸೆ ಮುನಿದಳು, ಯಾರ ಗಂಡನ ಕೆಮ್ಮು ನಿಂತಿತು, ಎಲ್ಲದರ ಪಂಚಾಯಿತಿ ಅಲ್ಲೇ. ಅವರಲ್ಲಿ ದಪ್ಪ ಕನ್ನಡಕದವಳಿಗೆ ಸೋಡಾಬುಡ್ಡಿ ಎಂದು ಹೆಸರು. ಕಾಜಮ್ಮನ ಗಂಡ ತೀರಿಕೊಂಡಾಗ ಎಲ್ಲರೂ ಸಮಾಧಾನ ಹೇಳಿ ಹೋದರು. ಸೋಡಾಬುಡ್ಡಿ ಮಾತ್ರ ಪಕ್ಕದಲ್ಲೇ ಕೂತು ಇಬ್ಬರ ಪಾಲಿನ ಗುಂಡಿಗಳನ್ನೂ ಹಚ್ಚಿದ್ದಳು.

ಮಗ ಒಳ್ಳೆಯವನು, ತೊಂದರೆಯಾದದ್ದೂ ಅದರಿಂದಲೇ. ಊರಿನ ಇನ್ನೊಂದು ತುದಿಯಲ್ಲಿ ಐದನೇ ಮಹಡಿಯ ಮನೆ ಕೊಂಡು, "ಸಾಕಮ್ಮ, ಜೀವಮಾನ ಪೂರ್ತಿ ದುಡಿದಿದ್ದೀಯ. ಇನ್ಮೇಲೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತ್ಕೊ," ಎಂದ. ಕೂತಳು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿದರೆ ಸಂಜೆಯವರೆಗೆ ಗೋಡೆಗಳೇ ಗತಿ. ಎದುರು ಮನೆಯವರು ಲಿಫ್ಟಿನಲ್ಲಿ ಸಿಕ್ಕರೆ ಫೋನು ನೋಡಿಕೊಳ್ಳುತ್ತಿದ್ದರು. ಕಾಜಮ್ಮ ಮೊದಲು ತಲೆ ಬಾಚುವುದು ಬಿಟ್ಟಳು, ಆಮೇಲೆ ಹೊತ್ತಿಗೆ ಸರಿಯಾಗಿ ಉಣ್ಣುವುದನ್ನೂ ಬಿಟ್ಟಳು. ಯಾಕೆ ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಎದೆಯೊಳಗೆ ಏನೋ ಭಾರ, ಬೆಳಗಾದರೆ ಭಯ.

ಒಂದು ಮಧ್ಯಾಹ್ನ ಮಗನ ಅಂಗಿಯೊಂದನ್ನು ತೆಗೆದು, ಗುಂಡಿಗಳನ್ನೆಲ್ಲ ಕತ್ತರಿಸಿ, ಮತ್ತೆ ಹಚ್ಚಿದಳು. ಎಷ್ಟೋ ದಿನಗಳ ಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮರುದಿನ ಇನ್ನೊಂದು ಅಂಗಿ. ಹೀಗೇ ನಡೆಯುತ್ತಿತ್ತೋ ಏನೋ, ಆದರೆ ಒಮ್ಮೆ ಅರ್ಧದಲ್ಲೇ ನಿದ್ದೆ ಹತ್ತಿ, ಎದೆಯ ಗುಂಡಿಗಳಿಲ್ಲದ ಅಂಗಿ ಮಡಿಕೆಯಾಗಿ ಬೀರು ಸೇರಿತು. ಬೆಳಿಗ್ಗೆ ಆಫೀಸಿನ ಗಡಿಬಿಡಿಯಲ್ಲಿ ಅದು ಮಗನ ಕೈಗೇ ಸಿಗಬೇಕೆ!

"ಏನಮ್ಮ ಇದು? ಯಾರಾದ್ರೂ ಸರಿಯಿರೋ ಗುಂಡಿ ಕಿತ್ತಾಕ್ತಾರಾ?"

"ಮತ್ತೆ ಹಚ್ಚೋಣ ಅಂತ ಕಣೋ."

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಮಾಡಿದವನ ಬಾಯಿಗೆ ಮಣ್ಣು ಹಾಕಬೇಕು. ಅದೊಂದು ಗಾದೆ ಗೊತ್ತಿದ್ದರೆ ಸಾಕು, ಮನೆಯವರು ಮುದುಕಿಯ ಮಾತು ಕೇಳಿಸಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಅಂದೇ ಕತ್ತರಿ ಸೂಜಿ ಎರಡೂ ಮಾಯವಾದವು. ಮರೆವಿನ ಕಾಯಿಲೆಯೇನೋ ಎಂದು ಮಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರಮ್ಮ, "ಯಾರ ಜೊತೆ ಮಾತಾಡ್ತೀರಜ್ಜಿ?" ಎಂದು ಕೇಳಿದರೆ, "ನಾವೆಲ್ಲ ಇದೀವಲ್ಲ ಮೇಡಂ," ಎಂದು ಮಗನೇ ಉತ್ತರ ಕೊಟ್ಟ. "ಹಳೇ ಗೆಳತಿಯರ ಹತ್ರ ಒಂದ್ಸಲ ಕರ್ಕೊಂಡು ಹೋಗಿ. ಮರೆವೋ, ಒಂಟಿತನವೋ, ಅಲ್ಲಿ ಹೇಗಿರ್ತಾರೆ ನೋಡಿ ಹೇಳಿ," ಎಂದರು ಡಾಕ್ಟರಮ್ಮ.

ಭಾನುವಾರ ಮಗ ಸೊಸೆ ಕರೆದುಕೊಂಡು ಹೋದರು. ಮೆಟ್ಟಿಲ ಮೇಲಿನ ಹೆಂಗಸರು ಸರಿದು ಜಾಗ ಮಾಡಿದರು. "ಬಂದ್ಳಪ್ಪ ಮಹಾರಾಣಿ! ಲಿಫ್ಟ್ ಕೂಡ ತಂದಿದ್ದೀಯೇನೆ?" ಎಂದಳು ಸೋಡಾಬುಡ್ಡಿ. ಕಾಜಮ್ಮ ನಕ್ಕಳು, ನಗುತ್ತಲೇ ಅತ್ತಳು. ಸೋಡಾಬುಡ್ಡಿ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಸಂಜೆಯವರೆಗೆ ನಡೆದ ಮಾತಿನಲ್ಲಿ ಕಾಜಮ್ಮ ಒಂದು ಹೆಸರನ್ನೂ ತಪ್ಪಲಿಲ್ಲ. ಎದೆಯ ಭಾರ ಇಳಿದದ್ದು ಅವಳಿಗೇ ಗೊತ್ತಾಗುತ್ತಿತ್ತು. ವಾರಕ್ಕೊಮ್ಮೆಯಾದರೂ ಕರೆದುಕೊಂಡು ಬಾ ಎಂದು ಮಗನನ್ನು ಕೇಳಬೇಕು ಎಂದುಕೊಂಡಳು. ಮಗ ಸೊಸೆ ಮಾತ್ರ ಅಷ್ಟು ಹೊತ್ತೂ ಕೆಳಗೆ ಕಾರಿನಲ್ಲಿ ಕೂತಿದ್ದರು.

ಕತ್ತಲಾಗುವ ಹೊತ್ತಿಗೆ ಮಗ ಹೆಂಡತಿಯ ಜೊತೆ ಮೇಲೆ ಬಂದು, "ಏಳಮ್ಮ, ಮನೆಗೆ ಹೋಗೋಣ," ಎಂದ.

"ಯಾರ ಮನೆಗಪ್ಪ?" ಎಂದಳು.

ಬೇಸರಕ್ಕೆ ಬಂದ ಮಾತು ಅದು. ಅಲ್ಲಿದ್ದ ಹೆಂಗಸರಿಗೆಲ್ಲ ಅರ್ಥವಾಯಿತು. ಮಗನ ಮುಖ ಮಾತ್ರ ಬಿಳಿಚಿಕೊಂಡಿತು. ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ? ಮನೇನೇ ಮರ್ತೋಗಿದೆ," ಎಂದ ಮೆಲ್ಲಗೆ.

"ಅಯ್ಯೋ, ಹಾಗಲ್ಲ ಕಣೋ. ಐದನೇ ಮಹಡಿ, ಎಡಗಡೆ ಬಾಗಿಲು, ನನಗೆ ಗೊತ್ತು..."

"ಆಯ್ತಮ್ಮ, ಆಯ್ತು," ಎಂದು ಮಗ ಚಿಕ್ಕ ಮಕ್ಕಳನ್ನು ಎಬ್ಬಿಸುವಂತೆ ತೋಳು ಹಿಡಿದು ಎಬ್ಬಿಸಿದ. "ಲೇ, ಅವಳಿಗೆ ಏನೂ ಆಗಿಲ್ಲಪ್ಪ," ಎಂದು ಸೋಡಾಬುಡ್ಡಿ ಕೂಗಿದಳು. ಮಗ ತಿರುಗಿ ನೋಡಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ಮೆಟ್ಟಿಲಿಳಿಯುತ್ತ, "ಇನ್ಮೇಲೆ ಇಲ್ಲಿಗೆಲ್ಲ ಬೇಡ. ಎಲ್ಲಾದ್ರೂ ಕಳೆದುಹೋದ್ರೆ ಏನ್ಮಾಡೋದು?" ಎಂದು ಹೆಂಡತಿಗೆ ಹೇಳಿದ.

ಕಾಜಮ್ಮ ಬಾಯಿ ತೆರೆದಳು. ಏನು ಹೇಳಿದರೂ ಅದೂ ಮರೆವಿನ ಲೆಕ್ಕಕ್ಕೇ ಸೇರುತ್ತದೆ ಎಂದು ಹೊಳೆದು, ಬಾಯಿ ಮುಚ್ಚಿದಳು.