ಯಾರೂ ಕೇಳಬಾರದ ಬಾಗಿಲು

ತಮಿಳು ಸೀಮೆಯ ಓಡೈಪಟ್ಟಿಯಲ್ಲಿ ನಮ್ಮ ದ್ರಾಕ್ಷಿ ತೋಟದ ಅಂಚಿಗೆ ಮನೆದೇವತೆಯ ಪುಟ್ಟ ಗುಡಿ. ನಾಯಿ ನುಗ್ಗದಿರಲೆಂದು ಬೀಗ ಹಾಕುತ್ತಿದ್ದೆವು, ಬೀಗದ ಕೈಯನ್ನು ಮಾತ್ರ ಹೊರಗಿನ ಬೇವಿನ ಮರದ ಮೊಳೆಗೆ ನೇತುಹಾಕುತ್ತಿದ್ದೆವು. ತೋಟದ ಕೆಲಸಕ್ಕೆ ಬಂದವರು ಮಧ್ಯಾಹ್ನ ತಾವೇ ಬಾಗಿಲು ತೆಗೆದು, ಕೈಮುಗಿದು, ತಂಪಿನಲ್ಲಿ ಕೂತು ಉಂಡು ಹೋಗುವರು. ಹೊಸಬರು ಯಾರಾದರೂ "ಒಳಗೆ ಬರಬಹುದಾ?" ಎಂದರೆ, ದಿನವೂ ದೀಪ ಹಚ್ಚುವ ನಮ್ಮ ದೊಡ್ಡವ್ವನಿಗೆ ಸಿಟ್ಟೇ ಬರುತ್ತಿತ್ತು. "ಅವ್ವನ್ ಮನೇಗ್ ಬರಾಕೆ ಯಾರಾನ ಕೇಳ್ತಾರಾ, ಕಣ್ಣು?" ಎಂದು ಮುದ್ದಿನ ಮಾತಲ್ಲೇ ಗದರುವಳು. ಕನ್ನಡ ಸೀಮೆಯಿಂದ ದಿಕ್ಕಿಲ್ಲದೆ ಬಂದ ನಮ್ಮ ಹಿರಿಯರಿಗೆ ಇದೇ ಜಾಗದಲ್ಲಿ ತಾವು ಕೇಳದೆಯೇ ಯಾರೋ ನೀರು ಕೊಟ್ಟರಂತೆ. ಹಾಗಾಗಿ ಇಲ್ಲಿ ಯಾರೂ ಅಪ್ಪಣೆ ಕೇಳಬಾರದೆಂಬುದು ನಮ್ಮ ಕಟ್ಟಳೆ.

ಇದು ಸಾರ್ವಜನಿಕ ಗುಡಿ ಎಂದು ಯಾರೋ ಅರ್ಜಿ ಹಾಕಿದರು. ನಮ್ಮ ಮನೆತನದ್ದು ಎಂದು ನಾವೂ ಹಟ ಹಿಡಿದೆವು. ನಮ್ಮ ವಕೀಲರು ದೊಡ್ಡವ್ವನನ್ನು ಕೂರಿಸಿಕೊಂಡು ತಿಳಿಹೇಳಿದರು: ಕಟ್ಟಿಸಿದವರು ಯಾರು ಎಂಬುದಷ್ಟೇ ಸಾಲದು, ಹೊರಗಿನವರು ತಮ್ಮ ಹಕ್ಕೆಂದು ಬರುತ್ತಾರೋ ನಿಮ್ಮ ಅಪ್ಪಣೆ ಪಡೆದು ಬರುತ್ತಾರೋ ಎಂದು ಕೋರ್ಟಿನವರು ನೋಡುತ್ತಾರೆ, ನಮ್ಮನ್ನು ಕೇಳಿಯೇ ಬರುತ್ತಾರೆ ಅನ್ನಿ, ಸಾಕು. ಅವಳು ತಲೆಯಾಡಿಸಿದಳು. ಅದನ್ನು ಒಪ್ಪಿಗೆ ಎಂದುಕೊಂಡ ನಮ್ಮ ಬುದ್ಧಿಗೆ ಏನು ಹೇಳಲಿ!

ವಿಚಾರಣೆಯ ದಿನ ಎದುರು ವಕೀಲರು ನಯವಾಗಿ ತಮಿಳಿನಲ್ಲಿ ಕೇಳಿದರು, ಒಳಗೆ ಹೋಗುವವರು ನಿಮ್ಮನ್ನು ಕೇಳಬೇಕೇ ಎಂದು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದಲೇ ಉತ್ತರಿಸಿದಳು: ಯಾರೂ ಕೇಳುವಂತಿಲ್ಲ, ದೇವಿ ಎಲ್ಲರಿಗೂ ತಾಯಿ. ನಮ್ಮ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಹೊರಗೆ ಬಂದ ಮೇಲೆ ಅಣ್ಣ ರೇಗಾಡಿದ.

"ಸಾಮಿ ಇಸ್ಯದಾಗೂ ಸುಳ್ಳ್ ಹೇಳ್ಲಾ?" ಎಂದಳು ಅವಳು.

ಗುಡಿ ಸಾರ್ವಜನಿಕವೆಂದೇ ತೀರ್ಪಾಯಿತು. ತಪ್ಪೆನ್ನಲಾರೆ. ಎಲ್ಲರಿಗೂ ತೆರೆದಿಟ್ಟದ್ದು ಎಲ್ಲರದಲ್ಲದೆ ಇನ್ನಾರದು? ಆದರೂ ಹೊಟ್ಟೆ ಉರಿಯುತ್ತದೆ. ಯಾರನ್ನಾದರೂ ಒಮ್ಮೆ ಹೊರಗೆ ನಿಲ್ಲಿಸಿದ್ದರೆ ಅದು ನಮ್ಮದಾಗಿಯೇ ಉಳಿಯುತ್ತಿತ್ತೇನೋ. ಈಗ ಎಲ್ಲರ ಗುಡಿಯಾಗಿದೆ, ಬೆಳಿಗ್ಗೆ ಸಂಜೆ ಮಾತ್ರ ತೆರೆಯುತ್ತದೆ. ಮರದ ಮೊಳೆ ಬರಿದಾಗಿದೆ, ಕೆಲಸದವರು ಬಿಸಿಲು ತಪ್ಪಿಸಿಕೊಂಡು ಬೇವಿನ ಬುಡದಲ್ಲೇ ಉಣ್ಣುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಅಣ್ಣ ಗೊಣಗುತ್ತಾನೆ. ಸರ್ಕಾರದವರು ನೇಮಿಸಿದ ಪೂಜಾರಿ, ಪಾಪ, ಒಳ್ಳೆಯವನೇ. ದೀಪ ಹಚ್ಚುವುದು ಈಗ ಅವನ ಕೆಲಸ.

ಈಚೆಗೆ ಒಂದು ಸಂಜೆ ದೊಡ್ಡವ್ವನ ಜೊತೆ ಹೋಗಿದ್ದೆ. ಅವಳ ಕೈಯಲ್ಲಿ ಹಳೆಯ ಎಣ್ಣೆ ಗಿಂಡಿ. ಬಾಗಿಲು ತೆರೆದೇ ಇತ್ತು, ಪೂಜಾರಿ ಒಳಗೆ ಹೂ ಏರಿಸುತ್ತಿದ್ದ. ದೊಡ್ಡವ್ವ ಹೊಸ್ತಿಲ ಈಚೆಗೇ ನಿಂತುಬಿಟ್ಟಳು. ಆಮೇಲೆ ತಮಿಳಿನಲ್ಲಿ, ಮೆಲ್ಲಗೆ, ಒಳಗೆ ಬರಬಹುದಾ ಎಂದು ಕೇಳಿದಳು.